ಕಂಡೆನ್ಸರ್ ಬಿಟ್ಟ ಜಾಗ

ನಮ್ಮ ಅಜ್ಜಿ ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಿಯೇ ಇಲ್ಲ ಎನ್ನಬೇಕು. ಊಟಕ್ಕೆ ಕೂತಾಗಲೂ ಒಂದು ಮಂಡಿಯನ್ನು ಮೇಲೆತ್ತಿಕೊಂಡೇ ಇರುತ್ತಿದ್ದಳು, ಈಗಲೋ ಆಗಲೋ ಎದ್ದು ಹೊರಡುವವಳಂತೆ. "ಕೂತ್ರೆ ಕಿಲುಬು ಹಿಡಿಯುತ್ತೆ ಕಣೇ" ಅನ್ನುವುದು ಅವಳ ಮಾತು. ಕಿಲುಬು ಹಿಡಿಯುವುದು ಹಿತ್ತಾಳೆಗೆ, ಮನುಷ್ಯರಿಗಲ್ಲ ಅಂತ ನಾನು ವಾದ ಮಾಡಿದರೆ, "ನೋಡ್ತಿರು, ನಿಂಗೂ ಹಿಡಿಯುತ್ತೆ" ಅಂದುಬಿಡುತ್ತಿದ್ದಳು. ನನಗೆ ಹಿಡಿಯುವ ಸಂಭವವೇ ಇರಲಿಲ್ಲ. ಅಜ್ಜಿ ತನ್ನ ಕಾಲಿನ ಚಕ್ರದಲ್ಲಿ ಒಂದನ್ನು ಬಿಚ್ಚಿ ಮೊಮ್ಮಗಳಿಗೆ ಕಟ್ಟಿದ್ದಾಳೆ ಅಂತ ಅಮ್ಮ ಬೈಯುತ್ತಿದ್ದುದು ಸುಳ್ಳಲ್ಲ.

ಮಲ್ಲೇಶ್ವರಂನ ನಮ್ಮ ಕ್ರಾಸಿನಲ್ಲಿ ನಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ, ಅದೂ ದಿನ ಬಿಟ್ಟು ದಿನ. ಬಂದದ್ದು ಅಂಗಳದಡಿಯ ಸಂಪಿನ ತೊಟ್ಟಿಗೆ ಬೀಳಬೇಕು, ಅಲ್ಲಿಂದ ಮೋಟಾರು ಹಾಕಿ ತಾರಸಿಯ ಟ್ಯಾಂಕಿಗೆ ಏರಿಸಬೇಕು. ಮೋಟಾರಿನ ಸ್ವಿಚ್ಚು ಒತ್ತುವುದು, ಹಿತ್ತಲ ಕಡೆಯ ಕಬ್ಬಿಣದ ಸುತ್ತು ಮೆಟ್ಟಿಲು ಹತ್ತಿ ಟ್ಯಾಂಕು ಎಷ್ಟು ತುಂಬಿತು ಅಂತ ಇಣುಕುವುದು, ಮೇಲಿಂದಲೇ "ಆರ್ಸ್ರೋ!" ಅಂತ ಬೀದಿಗೆಲ್ಲ ಕೇಳುವಂತೆ ಕೂಗುವುದು, ಇದೆಲ್ಲ ಅಜ್ಜಿಯ ಖಾತೆ. ಅವಳು ಹೇಳದೆ ಬೇರೆಯವರು ಮುಟ್ಟುವ ಹಾಗಿಲ್ಲ. ಅಪ್ಪ ಒಂದು ಸಲ ತಾನೇ ಹೋಗಿ ಸ್ವಿಚ್ಚು ಒತ್ತಿದ್ದಕ್ಕೆ ಎರಡು ದಿನ ಅವನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

ಒಂದು ಬೆಳಿಗ್ಗೆ ಆ ಮೆಟ್ಟಿಲ ಮೇಲೆ ಅವಳ ಕಾಲು ಜಾರಿತು. ಮಣಿಕಟ್ಟು ಉಳುಕಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ಸುದ್ದಿ ಕುಮಾರ ಪಾರ್ಕಿನಲ್ಲಿದ್ದ ದೊಡ್ಡಪ್ಪನಿಗೆ, ಅಂದರೆ ಅಪ್ಪನ ಅಣ್ಣನಿಗೆ, ಮುಟ್ಟಿತು. ದೊಡ್ಡಪ್ಪ ದೊಡ್ಡ ಆಫೀಸರು. ಮನೆಯಲ್ಲೂ ಆಫೀಸಿನ ಹಾಗೇ ಮಾತು.

"ಇನ್ನೊಂದ್ಸಲ ಅಮ್ಮ ಆ ಮೆಟ್ಲು ಹತ್ತಿದ್ದು ನನ್ನ ಕಿವಿಗೆ ಬಿದ್ರೆ, ಅವತ್ತೇ ಕಾರ್ ತಂದು ಕರ್ಕೊಂಡು ಹೋಗ್ಬಿಡ್ತೀನಿ. ನಮ್ಮನೇಲಿ ಅಡಿಗೆಯವ್ರಿದಾರೆ, ಕೆಲಸದವಳಿದಾಳೆ. ಆರಾಮಾಗಿ ಕೂತಿರ್ಲಿ."

ಅಪ್ಪ ಅಣ್ಣನ ಎದುರು ಬಾಯಿ ಬಿಡುವವನಲ್ಲ. ದೊಡ್ಡಪ್ಪನ ಕಾರು ತಿರುವು ದಾಟಿದ ಮೇಲೆ ಅಜ್ಜಿ ನನ್ನ ಹತ್ತಿರ ಬಂದು, "ಅಲ್ಲಿ ಕೂತಿರೋದೇ ಕೆಲ್ಸ ಕಣೇ. ಒಂದು ಲೋಟ ತೊಳೆಯೋಕೂ ಬಿಡಲ್ಲ. ನಾನು ಹೋಗಲ್ಲ" ಅಂದಳು. ಅವಳ ಧ್ವನಿಯಲ್ಲಿ ಹೆದರಿಕೆ ಇತ್ತು. ಅಜ್ಜಿ ಹೆದರಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಆಗ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಚಾಮರಾಜಪೇಟೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಕಾರ್ಖಾನೆ ಅಂದರೆ ಒಂದು ಮನೆಯ ಹಿಂದಿನ ಶೀಟು ಹೊದಿಸಿದ ಕೊಟ್ಟಿಗೆ. ಟೀವಿ ಹೊಸದಾಗಿ ಮನೆಮನೆಗೆ ಬರುತ್ತಿದ್ದ ಕಾಲ, ವೋಲ್ಟೇಜಿಗೆ ಹೇಳುವವರು ಕೇಳುವವರು ಇರಲಿಲ್ಲ. ಹಾಗಾಗಿ ಸ್ಟೆಬಿಲೈಜರ್ ಮಾಡಿ ಮಾಡಿ ನಮಗೆ ಸಾಕಾಗುತ್ತಿತ್ತು. ಅಲ್ಲಿಯ ಯಜಮಾನರು ಒಳ್ಳೆಯವರೇ, ಆದರೆ ನನ್ನ "ಯಾಕೆ ಸಾರ್?" ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ.

"ಯಾಕೆ ಗೀಕೆ ಎಲ್ಲ ಕಾಲೇಜಿನಲ್ಲಿ ಬಿಟ್ಟು ಬಾಮ್ಮ. ಒಂದು ಪಾರ್ಟು ಬೇಕೋ ಬೇಡ್ವೋ ಅನ್ನೋದಕ್ಕೆ ಒಂದೇ ಪರೀಕ್ಷೆ. ತೆಗೆದು ನೋಡು. ನಡೆದ್ರೆ ಅದು ಬೇಕಾಗಿರ್ಲಿಲ್ಲ."

ಈ ಸೂತ್ರದ ಮೇಲೆಯೇ ಅವರ ಸ್ಟೆಬಿಲೈಜರು ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿತ್ತು. ಆ ಪೇಟೆಯಲ್ಲಿ ಇಂಥ ಕೊಟ್ಟಿಗೆ ಇಟ್ಟುಕೊಂಡವರೆಲ್ಲ ಹೀಗೇ ಕೆಲಸ ಕಲಿತವರು. ನನ್ನಂಥ ಅವಸರದ ಪ್ರಾಣಿಗೆ ಆ ಸೂತ್ರ ಸಕ್ಕರೆಯ ಹಾಗೆ ರುಚಿಸಿತು. ಓದಿ ಅರ್ಥ ಮಾಡಿಕೊಳ್ಳುವ ಗೋಳಿಲ್ಲ, ಕಟರಿನಲ್ಲಿ ಪಾರ್ಟಿನ ಒಂದು ತಂತಿಗಾಲು ಕತ್ತರಿಸಿ ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ.

ಅಜ್ಜಿ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲದ ಹಾಗೆ ಮಾಡಬೇಕು, ಆಗ ದೊಡ್ಡಪ್ಪನ ಕಾರಿಗೆ ನೆಪವೇ ಇರುವುದಿಲ್ಲ ಅಂತ ನಾನು ಲೆಕ್ಕ ಹಾಕಿದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆ ಸಿಕ್ಕಿತ್ತು. ಟ್ಯಾಂಕಿನ ನೀರು ಇಳಿದರೆ ಮೋಟಾರನ್ನು ತಾನೇ ಹಾಕಿ, ತುಂಬಿದರೆ ತಾನೇ ಆರಿಸುವ ಸರ್ಕ್ಯೂಟಿನ ಚಿತ್ರ. ಚಿತ್ರ ಪೂರ್ತಿ ಇತ್ತು, ವಿವರಣೆ ಇದ್ದ ಮುಂದಿನ ಪುಟವನ್ನು ಯಾರೋ ಪುಣ್ಯಾತ್ಮರು ಕಡಲೆಕಾಯಿಗೆ ಪೊಟ್ಟಣ ಕಟ್ಟಿದ್ದರು. ಟ್ಯಾಂಕಿನೊಳಗೆ ಉದ್ದ, ಮಧ್ಯಮ, ಗಿಡ್ಡ ಅಂತ ಮೂರು ಹಿತ್ತಾಳೆ ಕಂಬಿ ಇಳಿಬಿಡಬೇಕು. ಉದ್ದದ್ದು ತಳ ಮುಟ್ಟುತ್ತದೆ, ಮಧ್ಯಮದ್ದಕ್ಕಿಂತ ಕೆಳಗೆ ನೀರು ಇಳಿದರೆ ಮೋಟಾರು ಶುರುವಾಗುತ್ತದೆ. ನೀರು ಏರಿ ಗಿಡ್ಡ ಕಂಬಿಗೆ ತಾಗಿದರೆ ನೀರಿನ ಮೂಲಕವೇ ಒಂದಿಷ್ಟು ಕರೆಂಟು ಹರಿದು, ಟ್ಯಾಂಕು ತುಂಬಿತು ಅಂತ ಸರ್ಕ್ಯೂಟು ಕೂರಿಸಿದ ಕೆಳಗಿನ ಪೆಟ್ಟಿಗೆಗೆ ಗೊತ್ತಾಗುತ್ತದೆ. ಪೆಟ್ಟಿಗೆಯಲ್ಲಿ ರಿಲೇ, ಅಂದರೆ ಕರೆಂಟಿನಿಂದ ತಾನೇ ಬದಲಾಗುವ ಸ್ವಿಚ್ಚು, ಟಕ್ ಅನ್ನುತ್ತದೆ, ಮೋಟಾರು ನಿಲ್ಲುತ್ತದೆ. ಇಷ್ಟೇ ಕಥೆ.

ಒಂದು ಭಾನುವಾರ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬೆಸುಗೆ ಹಾಕಿ ಮುಗಿಸಿದೆ. ನಡೆಯಿತು. ನಡೆದ ಮೇಲೆ ಸುಮ್ಮನಿರುವ ಜಾತಿಯೇ ನಾನು? ಯಜಮಾನರ ಸೂತ್ರ ಕೈ ತುರಿಸುತ್ತಿತ್ತು. ಕಂಬಿಗೆ ಕರೆಂಟು ಹೋಗುವ ದಾರಿಯಲ್ಲಿ ಒಂದು ಕಂದು ಬಣ್ಣದ ಚಪ್ಪಟೆ ಕಂಡೆನ್ಸರ್ ಇತ್ತು. ಇದು ಯಾಕಪ್ಪ ಇಲ್ಲಿ ಅಡ್ಡ ನಿಂತಿದೆ ಅಂತ ತೆಗೆದು, ಆ ಜಾಗಕ್ಕೆ ಒಂದು ತುಂಡು ತಂತಿ ಹಾಕಿದೆ. ಆಗಲೂ ನಡೆಯಿತು, ಇನ್ನೂ ಚೆನ್ನಾಗಿಯೇ. ಹಾಗಾದರೆ ಬೇಕಾಗಿರಲಿಲ್ಲ! ಕಂಡೆನ್ಸರನ್ನು ಖಾಲಿ ಇಂಗಿನ ಡಬ್ಬಿಯಲ್ಲಿ ಹಾಕಿಟ್ಟೆ.

ದೊಡ್ಡಪ್ಪ ಬಂದು ಪೆಟ್ಟಿಗೆ ನೋಡಿದರು, ರಿಲೇ ಟಕ್ ಅಂದದ್ದನ್ನು ಕೇಳಿದರು. "ಪರ್ವಾಗಿಲ್ವೇ" ಅಂದರು. ಅಜ್ಜಿ ಮಾತ್ರ ಆ ಪೆಟ್ಟಿಗೆಯನ್ನು ಸವತಿಯನ್ನು ನೋಡಿದ ಹಾಗೆ ನೋಡುತ್ತಿದ್ದಳು. ಬೆಳಗಿನ ಜಾವ ಎದ್ದು ಅದರ ಮುಂದೆ ಬಂದು ನಿಲ್ಲುವಳು. ಟಕ್ ಅಂದ ಕೂಡಲೇ, "ಹೂಂ, ನಿಂದೇ ದರ್ಬಾರು" ಅಂತ ಮೂತಿ ತಿರುಗಿಸಿಕೊಂಡು ಹೋಗುವಳು. ಆದರೂ ನಮ್ಮ ಮನೆಯಲ್ಲೇ ಉಳಿದಳಲ್ಲ, ಅಷ್ಟು ಸಾಕಾಗಿತ್ತು ನನಗೆ. ಮಳೆಗಾಲ, ಚಳಿಗಾಲ ಎರಡೂ ಕಳೆದವು, ಒಂದು ದಿನವೂ ಪೆಟ್ಟಿಗೆ ತಕರಾರು ಮಾಡಲಿಲ್ಲ. ನಾನು ಕಾರ್ಖಾನೆಯಲ್ಲಿ ಜಂಬ ಕೊಚ್ಚಿಕೊಂಡೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿದೆವು. ಆಗಿನ ಆಪರೇಷನ್ ಈಗಿನ ಹಾಗಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಬಗ್ಗಿಸಬಾರದು, ಕೆಮ್ಮಬಾರದು, ವಾರಗಟ್ಟಲೆ ಅಂಗಾತ ಮಲಗಿರಬೇಕು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮಲಗಿದಲ್ಲೇ ಅವಳ ಬೆರಳುಗಳು ಸೆರಗಿನ ಅಂಚನ್ನು ಮಡಿಸುವುದು ಬಿಚ್ಚುವುದು ಮಾಡುತ್ತಿದ್ದವು. "ಇವತ್ತು ಯಾವ ವಾರ?" ಅಂತ ಪದೇಪದೇ ಕೇಳುವಳು. ಶುಕ್ರವಾರ ಅಂದರೆ ಇನ್ನಷ್ಟು ಹೊರಳಾಡುವಳು. ದೇವರ ಪೂಜೆ ತಪ್ಪಿತಲ್ಲ ಎಂಬ ಸಂಕಟ ಅಂದುಕೊಂಡೆವು.

ಹೀಗಿರುವಾಗ ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕಿರುಚಿದರು. "ರೀ! ನಿಮ್ಮ ಟ್ಯಾಂಕ್‌ಗೆ ಬೆಂಕಿ ಬೀಳ! ನನ್ನ ಸಂಡಿಗೆಯೆಲ್ಲ ಗಂಜಿ ಆಯ್ತು!"

ಓಡಿ ಹೋಗಿ ನೋಡಿದರೆ ತಾರಸಿಯಿಂದ ನೀರು ಧೋ ಎಂದು ಅವರ ಅಂಗಳಕ್ಕೆ ಸುರಿಯುತ್ತಿದೆ. ಮೋಟಾರು ನಿಲ್ಲುತ್ತಲೇ ಇಲ್ಲ. ಪೆಟ್ಟಿಗೆ ಗುಂ ಅನ್ನುತ್ತ ಕೂತಿದೆ, ಟಕ್ ಎಂಬುದೇ ಇಲ್ಲ. ನಾನು ಪ್ಲಗ್ಗು ಕಿತ್ತು ತಿರುಗಿದರೆ, ಹಿತ್ತಲ ಬಾಗಿಲಲ್ಲಿ ಅಜ್ಜಿ! ಪಟ್ಟಿ ಕಟ್ಟಿದ ಕಣ್ಣಲ್ಲೇ ಗೋಡೆ ತಡವಿಕೊಂಡು, ಒಂದು ಕೈಯನ್ನು ಮೆಟ್ಟಿಲ ಕಂಬಿಗೆ ಚಾಚಿದ್ದಾಳೆ. ಅಮ್ಮ ಹಿಡಿದುಕೊಂಡಳು. ಅಮ್ಮನ ಹಿಂದೆಯೇ, ಆಫೀಸಿಗೆ ಹೋಗುವ ಮೊದಲು ತಾಯಿಯನ್ನು ನೋಡಿಕೊಂಡು ಹೋಗಲು ಬಂದಿದ್ದ ದೊಡ್ಡಪ್ಪ ನಿಂತಿದ್ದರು. ಅಯ್ಯೋ ನನ್ನ ಗ್ರಹಚಾರವೇ!

ಅವರು ಕೂಗಾಡಲಿಲ್ಲ. "ಪಟ್ಟಿ ಬಿಚ್ಚಿದ ದಿನ ಕಾರ್ ತರ್ತೀನಿ. ಬಟ್ಟೆ ಜೋಡಿಸಿಡಿ" ಅಂದರು. ಅಷ್ಟೇ. ಅಜ್ಜಿ ಮಂಚಕ್ಕೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು, ಅವತ್ತು ಯಾವ ವಾರ ಅಂತಲೂ ಕೇಳಲಿಲ್ಲ.

ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಪಟ್ಟಿ ಬಿಚ್ಚುವ ದಿನ ದೂರವಿರಲಿಲ್ಲ, ಅಷ್ಟರಲ್ಲಿ ಈ ಪೆಟ್ಟಿಗೆ ಬಾಯಿ ಬಿಡಬೇಕು. ಕೆಲಸದಿಂದ ಬಂದವಳೇ ಅದರ ಹೊಟ್ಟೆ ಬಿಚ್ಚಿ ಕೂರುತ್ತಿದ್ದೆ. ಟ್ರಾನ್ಸಿಸ್ಟರ್ ಬದಲಾಯಿಸಿದೆ, ರಿಲೇ ಬದಲಾಯಿಸಿದೆ. ತೆಗೆದು ನೋಡುವ ಸೂತ್ರ ಇಲ್ಲಿ ಯಾವ ಪ್ರಯೋಜನಕ್ಕೂ ಬರಲಿಲ್ಲ, ಯಾಕೆಂದರೆ ಮೊದಲೇ ನಡೆಯದೆ ನಿಂತದ್ದರಲ್ಲಿ ಏನನ್ನು ತೆಗೆದು ಏನು ನೋಡುವುದು? ಜೀವನದಲ್ಲಿ ಮೊದಲ ಸಲ ಒಂದೊಂದೇ ಪಾರ್ಟಿನ ಮೇಲೆ ಬೆರಳಿಟ್ಟು, ನೀನು ಯಾಕಿದ್ದೀಯ ಅಂತ ಕೇಳಿದೆ. ರಿಲೇ ಪಕ್ಕದ ಡಯೋಡ್, ರಿಲೇ ಬಿಡುವಾಗ ಹಿಂದಕ್ಕೆ ಒದೆಯುವ ವೋಲ್ಟೇಜನ್ನು ನುಂಗಿ ಟ್ರಾನ್ಸಿಸ್ಟರಿನ ಪ್ರಾಣ ಉಳಿಸುವುದಕ್ಕೆ. ಈ ರೆಸಿಸ್ಟರು, ನೀರು ಅಲೆಯಾಡಿದಾಗ ರಿಲೇ ಟಕಟಕ ಕುಣಿಯದ ಹಾಗೆ ಹಿಡಿದಿಡುವುದಕ್ಕೆ. ಈ ಎರಡು ಟ್ರಾನ್ಸಿಸ್ಟರು ಕರೆಂಟನ್ನು ಅತ್ತಿಂದಿತ್ತ ಇತ್ತಿಂದತ್ತ ಓಡಾಡಿಸುವುದಕ್ಕೆ. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದರು. ನನಗೆ ಅಳು ಬರುವ ಹಾಗಾಗುತ್ತಿತ್ತು, ಅದು ಬರುವುದಕ್ಕೆ ಮುಂಚೆ ಸಿಟ್ಟು ಬರುತ್ತಿತ್ತು.

ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾರ್ಖಾನೆಗೆ ಒಯ್ದೆ. ಮೇಜಿನ ಮೇಲೆ ಒಂದು ಲೋಟ ನೀರಿಟ್ಟು, ಎರಡು ತಂತಿ ಅದ್ದಿ ನೋಡಿದರೆ, ಟಕ್! ಎತ್ತಿದರೆ ಟಕ್, ಅದ್ದಿದರೆ ಟಕ್. ಹಾಳಾದ್ದು ಬಂಗಾರದಂತೆ ನಡೆಯುತ್ತಿದೆ. ಯಜಮಾನರು, "ಚೆನ್ನಾಗಿದೆಯಲ್ಲಮ್ಮ, ಇನ್ನೇನು ನಿಂದು?" ಅಂದರು. ನಾನು ಇಂಗು ತಿಂದ ಮಂಗನ ಹಾಗೆ ಕೂತೆ.

ಪೆಟ್ಟಿಗೆ ಸರಿ ಇದೆ ಅಂದರೆ ತಪ್ಪು ಪೆಟ್ಟಿಗೆಯ ಹೊರಗಿದೆ. ಹೊರಗಿರುವುದು ಕಂಬಿ ಮಾತ್ರ. ಇಷ್ಟು ಹೊಳೆಯುವುದಕ್ಕೆ ನನಗೆ ಬಸ್ಸು ಮೆಜೆಸ್ಟಿಕ್ ದಾಟಬೇಕಾಯಿತು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲು ಹತ್ತಿದೆ. ಟ್ಯಾಂಕಿನ ಮುಚ್ಚಳ ಸರಿಸಿ ಕಂಬಿಗಳನ್ನು ಎತ್ತಿದರೆ, ಥೂ! ಒಂದಕ್ಕೆ ಹಸಿರು ಕಿಲುಬು, ಇನ್ನೊಂದಕ್ಕೆ ಸುಣ್ಣದಂಥ ಬಿಳಿ ಪದರ. ಇದರ ಮೂಲಕ ಕರೆಂಟು ಎಲ್ಲಿಂದ ಹರಿಯಬೇಕು? ನೀರು ತಾಗಿದರೂ ಕಂಬಿಗೆ ಅದು ಗೊತ್ತಾಗುತ್ತಿರಲಿಲ್ಲ.

ಇಷ್ಟಾಗಿಯೂ ನನಗೆ ಸಮಾಧಾನವಾಗಲಿಲ್ಲ. ಎರಡು ಕಾಲ ಪೂರ್ತಿ ಕಿಲುಬು ಹಿಡಿಯದ ಕಂಬಿಗೆ ಈಗ ಕೆಲವೇ ವಾರದಲ್ಲಿ ಯಾಕೆ ಹಿಡಿಯಿತು? ಸುತ್ತ ನೋಡಿದೆ. ಟ್ಯಾಂಕಿನ ಹಿಂದೆ, ಕೆಳಗಿನಿಂದ ಯಾರಿಗೂ ಕಾಣದ ಮೂಲೆಯಲ್ಲಿ, ಒಂದು ತೆಂಗಿನ ಕರಟ ಇತ್ತು. ಅದರಲ್ಲಿ ಒಣಗಿ ಕಲ್ಲಾದ ಹುಣಸೆಹಣ್ಣು, ಒಂದು ಹಿಡಿ ತೆಂಗಿನ ನಾರು.

ನಾನು ಆ ಕರಟ ಹಿಡಿದುಕೊಂಡು ಅಲ್ಲೇ ಸಂಜೆಯ ಬಿಸಿಲಲ್ಲಿ ಕುಕ್ಕರಿಸಿದೆ. ಶುಕ್ರವಾರ! ಪ್ರತಿ ಶುಕ್ರವಾರ ದೇವರ ಪಾತ್ರೆ, ದೀಪದ ಕಂಬ ಎಲ್ಲ ಹುಣಸೆಹಣ್ಣಿನಲ್ಲಿ ಉಜ್ಜುವ ಹೆಂಗಸು ಈ ಮೂರು ಹಿತ್ತಾಳೆ ಕಂಬಿಯನ್ನು ಬಿಟ್ಟಿರುತ್ತಾಳೆಯೇ? ಅಪ್ಪ ನಾನು ಕೆಲಸಕ್ಕೆ, ಅಮ್ಮ ತರಕಾರಿಗೆ ಹೋದ ಹೊತ್ತಿನಲ್ಲಿ ಕಳ್ಳಿಯ ಹಾಗೆ ಹತ್ತಿ ಬರುತ್ತಿದ್ದಳು. ಅವಳು ಮೆಟ್ಟಿಲು ಹತ್ತಬಾರದು ಅಂತ ನಾನು ಮಾಡಿದ ಯಂತ್ರ, ಅವಳು ಮೆಟ್ಟಿಲು ಹತ್ತುತ್ತಿದ್ದುದರಿಂದಲೇ ನಡೆಯುತ್ತಿತ್ತು!

ಕಂಡೆನ್ಸರ್ ಯಾಕಿತ್ತು ಅಂತಲೂ ಆಗಲೇ ತಲೆಗೆ ಹೋಯಿತು. ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನು ಕಂಡೆನ್ಸರ್ ತಡೆಯುತ್ತದೆ, ಅತ್ತಿತ್ತ ಓಡಾಡುವುದನ್ನು ಮಾತ್ರ ಬಿಡುತ್ತದೆ. ಡಿಪ್ಲೊಮಾದಲ್ಲಿ ಉರು ಹೊಡೆದು ಬರೆದ ಉತ್ತರ ಅದು. ನೀರಿನಲ್ಲಿ ಕರೆಂಟು ಒಂದೇ ಕಡೆ ಹರಿಯುತ್ತಿದ್ದರೆ ಒಂದು ಕಂಬಿಯನ್ನು ತಿನ್ನುತ್ತದೆ, ಇನ್ನೊಂದಕ್ಕೆ ಪದರ ಕಟ್ಟಿಸುತ್ತದೆ. ಓಡಾಡುತ್ತಿದ್ದರೆ ಏನೂ ಕಟ್ಟುವುದಿಲ್ಲ. ನಾನು ತಂತಿ ಹಾಕಿ ಒಂದೇ ದಿಕ್ಕಿನ ಕರೆಂಟಿಗೂ ದಾರಿ ತೆರೆದುಕೊಟ್ಟಿದ್ದೆ. ಆ ಪುಟ್ಟ ಚಪ್ಪಟೆ ಕಂಡೆನ್ಸರ್ ಮಾಡಬೇಕಾದ ಕೆಲಸವನ್ನು ಅಷ್ಟು ತಿಂಗಳು ನಮ್ಮ ಅಜ್ಜಿ ಮಾಡುತ್ತಿದ್ದಳು.

ಕೆಳಗಿಳಿದು ಕರಟವನ್ನು ಅವಳ ಕೈಗೆ ಇಟ್ಟೆ. ಕಣ್ಣಿಗೆ ಪಟ್ಟಿ ಇದ್ದರೂ ಬೆರಳಿಗೆ ಗೊತ್ತಾಯಿತು.

"ಏನೇ ಇದು?" ಅಂದಳು, ಅಮಾಯಕಳ ಹಾಗೆ.

"ನೀನೇ ಹೇಳಜ್ಜಿ, ಏನಿದು? ಬಿದ್ದು ಸೊಂಟ ಮುರ್ಕೊಂಡಿದ್ರೆ ಏನ್ ಗತಿ? ನಿನ್ನ ಇಲ್ಲಿ ಉಳಿಸ್ಕೊಳ್ಳೋಕೆ ನಾನು ಸಾಯ್ತಿದೀನಿ, ನೀನು ಮಂಗನ ಹಾಗೆ ಹತ್ತಿ ಇಳೀತಿದೀಯ!"

"ಕೂಗ್ಬೇಡ್ವೇ, ನಿಮ್ಮಮ್ಮಂಗೆ ಕೇಳುತ್ತೆ." ಕರಟವನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು, "ಮತ್ತೆ ಮನೆ ಮಂದಿಗೆಲ್ಲ ಕಿಲುಬು ನೀರು ಕುಡಿಸ್ಲಾ? ಹಿತ್ತಾಳೆ ಇಳಿಬಿಟ್ಯಲ್ಲ, ತೊಳೆಯೋರು ಯಾರು ಅಂತ ಯೋಚ್ನೆ ಮಾಡಿದ್ಯಾ?" ಅಂದಳು.

ಇಂಗಿನ ಡಬ್ಬಿ ತಂದು, ಕಂಡೆನ್ಸರನ್ನು ಅವಳ ಅಂಗೈ ಮೇಲಿಟ್ಟು ಹೇಳಿದೆ. ಇದನ್ನು ಹಾಕಿದರೆ ಕರೆಂಟು ಓಡಾಡುತ್ತಲೇ ಇರುತ್ತದೆ, ಒಂದು ಕಡೆ ನಿಲ್ಲುವುದಿಲ್ಲ, ಇನ್ನು ಮೇಲೆ ಯಾರೂ ತೊಳೆಯಬೇಕಾಗಿಲ್ಲ ಅಂದೆ.

"ಓಡಾಡ್ತಿದ್ರೆ ಕಿಲುಬು ಹಿಡಿಯಲ್ಲ?"

"ಹಿಡಿಯಲ್ಲ."

"ಅದನ್ನೇ ಅಲ್ವೇನೇ ನಾನು ಬಡ್ಕೋತಾ ಇರೋದು!" ಅಂತ ನಕ್ಕಳು. ಆಮೇಲೆ ನಗು ಹೋಯಿತು. ಕಂಡೆನ್ಸರನ್ನು ಎರಡು ಬೆರಳಲ್ಲಿ ತಿರುಗಿಸುತ್ತಾ ಕೂತಳು. "ಮೋಟ್ರು ನಿನ್ನ ಪೆಟ್ಗೆ ನೋಡ್ಕೊಳ್ಳುತ್ತೆ. ಅಡಿಗೆ ನಿಮ್ಮಮ್ಮ ನೋಡ್ಕೋತಾಳೆ. ಉಳಿದಿದ್ದು ಇದೊಂದು. ಇದನ್ನೂ ತೆಗೆದ್ರೆ, ಕುಮಾರ ಪಾರ್ಕಿಗೂ ಇಲ್ಲಿಗೂ ಏನೇ ವ್ಯತ್ಯಾಸ?"

ಒಂದು ಪಾರ್ಟು ಯಾಕಿದೆ ಅಂತ ವಾರವಿಡೀ ಕೇಳಿದವಳು, ಅಜ್ಜಿ ಯಾಕೆ ಬೆಳಗಿನ ಜಾವ ಆ ಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತಿದ್ದಳು ಅಂತ ಒಂದು ಸಲವೂ ಕೇಳಿರಲಿಲ್ಲ. ಅವಳ ಕೈಯಿಂದ ಕಂಡೆನ್ಸರ್ ತೆಗೆದುಕೊಂಡು ಮತ್ತೆ ಇಂಗಿನ ಡಬ್ಬಿಗೆ ಹಾಕಿದೆ.

ಕಂಬಿಗಳಿಗೆ ಕೊಕ್ಕೆ ಮಾಡಿದೆ, ಸುಲಭವಾಗಿ ಬಿಚ್ಚುವ ಹಾಗೆ. ಅವತ್ತೇ ಮೂರನ್ನೂ ಕೆಳಗೆ ತಂದು ಹುಣಸೆಹಣ್ಣಿನಲ್ಲಿ ಉಜ್ಜಿದೆ. ಅಜ್ಜಿ ಬೆರಳಾಡಿಸಿ ಪರೀಕ್ಷೆ ಮಾಡಿ, "ತುದಿ ಬಿಟ್ಟಿದೀಯ, ಸೋಮಾರಿ" ಅಂದಳು. ಮತ್ತೆ ಉಜ್ಜಿ ಮೇಲೆ ಒಯ್ದು ತೂಗುಹಾಕಿದೆ. ನೀರು ತುಂಬಿತು. ಟಕ್.

ಪಟ್ಟಿ ಬಿಚ್ಚಿದ ದಿನ ದೊಡ್ಡಪ್ಪ ಹೇಳಿದಂತೆ ಕಾರು ತಂದರು. ನಾನು ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟುಕೊಂಡೇ ಕಾದಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದಕ್ಕೂ ಬೆರಳು ತೋರಿಸಿದರು. "ಇದು ಯಾತಕ್ಕೆ? ಇದು?" ನಾನು ಒಂದನ್ನೂ ತಡವರಿಸದೆ ಹೇಳಿದೆ. ಕೊನೆಗೆ ಅವರ ಬೆರಳು ತುಂಡು ತಂತಿ ಹಾಕಿದ ಜಾಗಕ್ಕೆ ಬಂತು.

"ಇಲ್ಲೇನೋ ಬಿಟ್ಟೋಗಿರೋ ಹಾಗಿದೆ?"

"ಅಲ್ಲೊಂದು ಪಾರ್ಟ್ ಇರ್ಬೇಕು ದೊಡ್ಡಪ್ಪ. ಆ ಕೆಲ್ಸ ಅಜ್ಜಿ ಮಾಡ್ತಾರೆ. ಇಲ್ಲೇ, ನೆಲದ ಮೇಲೇ. ಮೆಟ್ಲು ನಾನು ಹತ್ತೀನಿ. ಅಜ್ಜಿನ ನೀವು ಕರ್ಕೊಂಡು ಹೋದ್ರೆ ಇದು ನಿಂತೋಗುತ್ತೆ."

ಅವರು ನನ್ನ ಮುಖವನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಅಜ್ಜಿ ಬಟ್ಟೆಯ ಚೀಲದ ಪಕ್ಕ ಒಂದು ಮಂಡಿ ಎತ್ತಿಕೊಂಡು ಕೂತಿದ್ದಳು. "ನಿಂತೋಗುತ್ತಂತೆ ಕಣೋ" ಅಂದಳು, ಮಗನ ಮುಖ ನೋಡದೆ. ದೊಡ್ಡಪ್ಪ ಕಾಫಿ ಕುಡಿದು, ಖಾಲಿ ಕಾರಿನಲ್ಲಿ ವಾಪಸು ಹೋದರು.

ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ಕಂಬಿಗಳನ್ನು ಕೆಳಗೆ ತರುವುದು, ದಪ್ಪ ಕನ್ನಡಕ ಹಾಕಿಕೊಂಡು ಅಜ್ಜಿ ಬಚ್ಚಲ ಕಲ್ಲಿನ ಹತ್ತಿರ ಅವನ್ನು ಉಜ್ಜುವುದು, ನನಗೆ ಬಸ್ಸಿಗೆ ಹೊತ್ತಾಯಿತು ಅಂತ ನಾನು ಒದ್ದಾಡುವುದು, "ಇರೇ, ಏನ್ ಇರುವೆ ಬಿಟ್ಕೊಂಡಿದೀಯಾ" ಅಂತ ಅವಳು ಬೈಯುವುದು. ವರ್ಷಗಳು ಹೀಗೇ ನಡೆದವು. ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕಿಯಾದೆ. ಒಂದು ಪಾರ್ಟು ತೆಗೆಯುವ ಮುಂಚೆ ಅದರ ಕೆಲಸವನ್ನು ಇನ್ನು ಯಾರು ಮಾಡುತ್ತಾರೆ ಹೇಳಿ ಅಂತ ಯಜಮಾನರ ಹತ್ತಿರ ಜಗಳ ಆಡುತ್ತಿದ್ದೆ.

ಅಜ್ಜಿ ಹೋದದ್ದು ಒಂದು ಮಧ್ಯಾಹ್ನ. ಬತ್ತಿ ಹೊಸೆಯುತ್ತಾ ಇದ್ದವಳು ಹಾಗೇ ಗೋಡೆಗೆ ಒರಗಿದಳು. ಸೂತಕದಲ್ಲಿ ಪೂಜೆಯಿಲ್ಲ, ಹಿತ್ತಾಳೆಗೆ ಕೈ ಹಚ್ಚಿದವರಿಲ್ಲ, ಮನೆ ತುಂಬ ನೆಂಟರು. ಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಒಂದು ಬೆಳಿಗ್ಗೆ ತಾರಸಿಯಿಂದ ನೀರು ಸುರಿಯಿತು. ಅಪ್ಪ ಗಾಬರಿಯಾಗಿ ನನ್ನನ್ನು ಕೂಗಿದ. ನನಗೆ ಗೊತ್ತಿತ್ತು.

ಕಂಬಿ ತಂದು ಉಜ್ಜಿದೆ, ತುದಿ ಬಿಡದೆ. ತುಂಡು ತಂತಿ ಕಿತ್ತು, ಇಂಗಿನ ವಾಸನೆ ಬರುತ್ತಿದ್ದ ಆ ಕಂಡೆನ್ಸರನ್ನು ಅದರ ಜಾಗದಲ್ಲಿ ಕೂರಿಸಿ ಬೆಸುಗೆ ಹಾಕಿದೆ. ಅಪ್ಪ ಪಕ್ಕದಲ್ಲಿ ನಿಂತು, "ಅದೇನೇ ಹೊಸ ಪಾರ್ಟು?" ಅಂತ ಕೇಳಿದ. ಹಳೇದೇ ಅಂದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಅಭ್ಯಾಸದಿಂದ ಮೆಟ್ಟಿಲು ಹತ್ತಿ ಮೂರೂ ಕಂಬಿಗಳನ್ನು ಬಿಚ್ಚಿ ಕೆಳಗೆ ತಂದೆ. ಬಚ್ಚಲ ಕಲ್ಲಿನ ಮೇಲಿಟ್ಟೆ, ಕರಟಕ್ಕೆ ಹುಣಸೆಹಣ್ಣು ಹಾಕಿಕೊಂಡೆ. ಕಂಬಿ ಥಳಥಳ ಅನ್ನುತ್ತಿತ್ತು, ಒಂದು ಚುಕ್ಕಿ ಕಿಲುಬಿರಲಿಲ್ಲ. ಉಜ್ಜುವುದಕ್ಕೆ ಏನೂ ಇರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಆದರೂ ಅವತ್ತು ನಾನು ಆ ಕಲ್ಲಿನ ಹತ್ತಿರವೇ ಕೂತುಬಿಟ್ಟೆ.